ಸೇತುವೆಯ ಬಳಿ ಒಂದು ಒಗಟು



2000ನೆಯ ಇಸವಿಯ ಮೇ ತಿಂಗಳ ಮೊದಲ ವಾರದಲ್ಲಿ ಒಂದು ಆಟ ಹುಟ್ಟಿಕೊಂಡಿತು. ಅಮೆರಿಕ ಸರ್ಕಾರವು ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ತಪ್ಪನ್ನು ಆಗ ತೆಗೆದುಹಾಕಿತು. ಅದುವರೆಗೆ ನೂರು ಮೀಟರಿನಷ್ಟು ಎಡವುತ್ತಿದ್ದ ಜನಸಾಮಾನ್ಯರ ಉಪಕರಣ ಹತ್ತಿಪ್ಪತ್ತು ಮೀಟರಿನೊಳಗೆ ಸ್ಥಳವನ್ನು ತೋರಿಸತೊಡಗಿತು. ಮೇ 3ರಂದು ಡೇವ್ ಉಲ್ಮರ್ ಎಂಬವರು ಆರೆಗಾನ್ ಪ್ರಾಂತದಲ್ಲಿ ಒಂದು ಬಕೆಟ್ಟನ್ನು ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಹುಡುಕಿ ಕಂಡವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ವಸ್ತುವನ್ನು ಒಯ್ದರೆ ಇನ್ನೊಂದನ್ನು ಇಡಬೇಕು. ಇದೇ ಜಿಯೋಕ್ಯಾಶಿಂಗ್.

ಇದರಲ್ಲಿ ಒಗಟಿನ ಬಗೆಯೊಂದುಂಟು. ಅಂಕಿಗಳನ್ನು ಪೂರ್ತಿ ಕೊಡುವುದಿಲ್ಲ. ಹೆಸರಾಂತ ಸೇತುವೆಯೊಂದಕ್ಕೆ ಕಳುಹಿಸಿ, ಅಲ್ಲಿ ಕೆತ್ತಿದ ಇಸವಿಯನ್ನು ಓದಿ, ಕಂಬಗಳನ್ನು ಎಣಿಸಿ, ಉಳಿದ ಅಂಕಿಗಳು ಅದರಿಂದ ಹೊರಡುತ್ತವೆ ಎನ್ನುತ್ತಾರೆ.

ನಾನಿರುವುದು ಯಲಹಂಕದ ಮಗ್ಗುಲಿನ ಅಟ್ಟೂರಿನಲ್ಲಿ. ಇಲ್ಲಿ ಕೆರೆಯುಂಟು, ಹೊಳೆಯಿಲ್ಲ. ವಾಯುಪಡೆಯ ನೆಲೆ ಹೆಚ್ಚು ದೂರದಲ್ಲಿಲ್ಲ. ಇಲ್ಲಿನ ಮೋರಿಯ ಕೆಳಗೆ ಯಾರಾದರೂ ಡಬ್ಬಿಯನ್ನು ತುರುಕಿದರೆ ಮೊದಲು ಬರುವವರು ಆಟಗಾರರಲ್ಲ, ಪೊಲೀಸರು. ಇಂಗ್ಲೆಂಡಿನ ವೆದರ್ಬಿ ಎಂಬ ಪಟ್ಟಣದಲ್ಲಿ 2011ರಲ್ಲಿ ಇಂಥದೇ ಡಬ್ಬಿಯನ್ನು ಬಾಂಬೆಂದು ಶಂಕಿಸಿ ಸೈನ್ಯದವರು ಸಿಡಿಸಿಬಿಟ್ಟರು.

ನಮ್ಮಲ್ಲಿ ಇನ್ನೊಂದು ಭಯವೂ ಇದೆ. ಈ ಆಟಕ್ಕೆ ಕನ್ನಡದಲ್ಲಿ ‘ನಿಧಿಶೋಧ’ ಎಂಬ ಹೆಸರು ಸುಲಭವಾಗಿ ಒದಗುತ್ತದೆ. ಆ ಹೆಸರು ಬೇಡವೆಂದೇ ನನ್ನ ಅಭಿಪ್ರಾಯ. ನಿಧಿಯಾಸೆಗೆ ಅಗೆದ ಗರ್ಭಗುಡಿಗಳೂ ಒಡೆದ ವೀರಗಲ್ಲುಗಳೂ ಈ ನಾಡಿನಲ್ಲಿ ಸಾಕಷ್ಟಿವೆ. ಆಟದ ನಿಯಮವೇನೋ ಗುಂಡಿ ತೋಡಕೂಡದೆನ್ನುತ್ತದೆ. ಆದರೆ ಹಾರೆ ಹಿಡಿದು ಬರುವವನು ನಿಯಮವನ್ನು ಓದಿ ಬರುವುದಿಲ್ಲ. ಆದ್ದರಿಂದ ಡಬ್ಬಿಯಿಲ್ಲದ ಒಗಟನ್ನಷ್ಟೇ ಕಟ್ಟಬೇಕು. ಹೋಗಿ, ನೋಡಿ, ಉತ್ತರವನ್ನು ತಂದರೆ ಆಯಿತು.

ಅದಕ್ಕೆ ತಕ್ಕ ಸ್ಥಳ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿದ್ದು, 1804ರಲ್ಲಿ ಮುಗಿದದ್ದು. ಕಮಾನುಗಳಿಲ್ಲ, ನದಿಯ ತಳದಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ದೇವಸ್ಥಾನದ ಮಂಟಪವೊಂದನ್ನು ಉದ್ದಕ್ಕೆ ಎಳೆದು ಹೊಳೆಯಲ್ಲಿ ನಿಲ್ಲಿಸಿದಂತಿದೆ. ಶ್ರೀರಂಗಪಟ್ಟಣವಿರುವುದು ಉತ್ತರ ಅಕ್ಷಾಂಶ 12 ಡಿಗ್ರಿ 25 ಮಿನಿಟಿನ ಆಸುಪಾಸಿನಲ್ಲಿ. ಆಟಗಾರರು ಮಿನಿಟನ್ನು ಸಾವಿರ ಪಾಲು ಮಾಡುತ್ತಾರೆ. ಒಂದು ಪಾಲೆಂದರೆ ಸುಮಾರು 1.85 ಮೀಟರು. ಮೂರು ಅಂಕಿಗಳಲ್ಲಿ ಕೊನೆಯದು ಒಂದರಷ್ಟು ತಪ್ಪಿದರೆ ಒಂದು ಮಾರು ಆಚೀಚೆ. ಮೊದಲನೆಯದು ತಪ್ಪಿದರೆ 185 ಮೀಟರು. ನೇರ ಹೊಳೆಗೇ ಇಳಿಯಬೇಕಾದೀತು!

ಅಂಕಿಗಳಲ್ಲೊಂದು ಹೀಗಿರಲಿ: ಸೇತುವೆಯ ಇಸವಿಯಿಂದ ಟಿಪ್ಪು ಸುಲ್ತಾನ ಮಡಿದ ಇಸವಿಯನ್ನು ಕಳೆಯಿರಿ. ಉತ್ತರ ಐದು. ಟಿಪ್ಪುವಿನ ಆಡಳಿತದಲ್ಲಿಯೂ ಮಂತ್ರಿಯಾಗಿದ್ದ ಪೂರ್ಣಯ್ಯನವರು, ಪಟ್ಟಣ ಬಿದ್ದ ಐದೇ ವರ್ಷಕ್ಕೆ ಅದೇ ಪಟ್ಟಣದ ಸೇತುವೆಗೆ ಗೆದ್ದವರ ಗವರ್ನರ್ ಜನರಲ್‌ನ ಹೆಸರಿಟ್ಟರು. ಕೃತಜ್ಞತೆಯೋ, ಜಾಣತನವೋ, ಅನಿವಾರ್ಯವೋ? ಈ ಪ್ರಶ್ನೆಗೆ ಉಪಗ್ರಹ ಉತ್ತರ ಕೊಡಲಾರದು. ಹುಡುಗರು ಕಂಬಗಳ ನಡುವೆ ನಿಂತು ವಾದಿಸಲಿ.

ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಸೇತುವೆಯನ್ನು ಮುಚ್ಚುತ್ತಾರೆ. ಹೊಳೆ ತುಂಬಿದಾಗ ಕಂಬಗಳನ್ನು ಎಣಿಸಲೂ ಆಗದು. ಹೋಗುವವರು ಮಾರ್ಚಿ, ಏಪ್ರಿಲ್ ತಿಂಗಳಿನಲ್ಲಿ, ಬೆಳಗಿನ ಹೊತ್ತು ಹೋಗಬೇಕು. ಬಂಡೆಗಳು ಆಗಲೂ ಜಾರುತ್ತವೆ.