ಗೋದಲಿಯ ಮುಂದೆ, ತೆರೆಯ ಮುಂದೆ



ಕೊಡಗಿನ ಈ ಚಳಿಯಲ್ಲಿ, ಅರೇಬಿಕಾ ಕೊಯ್ಲಿನ ದಣಿವಿನ ನಡುವೆಯೂ ದೂರದ ತೋಟಗಳಿಂದ, ಲೈನ್‌ಮನೆಗಳಿಂದ ನಡೆದು, ಜೀಪು ಹತ್ತಿ ಬಂದಿದ್ದೀರಿ. ಬಲಿಪೂಜೆ ಮುಗಿದ ಮೇಲೆ ಮನೆಗೆ ಹೋಗುತ್ತೇವೆ, ನೆರೆಯವರಿಗೆ ಕುಸ್ವಾರ್ ಹಂಚುತ್ತೇವೆ, ಹೊಟ್ಟೆ ತುಂಬ ಊಟ ಮಾಡುತ್ತೇವೆ. ಆಮೇಲೆ? ಬಹುಪಾಲು ಮನೆಗಳಲ್ಲಿ ಟಿ.ವಿ. ಹಾಕುತ್ತೇವೆ. ಇದನ್ನು ಬೈಯುವುದಕ್ಕಾಗಿ ಹೇಳುತ್ತಿಲ್ಲ. ಹಬ್ಬದ ದಿನ ಕುಟುಂಬವೆಲ್ಲ ಕೂಡಿ ಕುಳಿತು ಒಳ್ಳೆಯದೊಂದು ಚಿತ್ರ ನೋಡುವುದು ಒಳ್ಳೆಯ ರೂಢಿಯೇ. ಯಾವ ಚಿತ್ರ ನೋಡುತ್ತೇವೆ, ನೋಡಿ ಎದ್ದ ಮೇಲೆ ಏನು ಮಾಡುತ್ತೇವೆ ಎಂಬುದನ್ನು ಇಂದು ಸ್ವಲ್ಪ ಧ್ಯಾನಿಸೋಣ.

ನಮ್ಮ ವಿಶ್ವಾಸ ಕಿವಿಗೆ ಮಾತ್ರ ಸಂಬಂಧಿಸಿದ್ದಲ್ಲ, ಕಣ್ಣಿಗೂ ಸಂಬಂಧಿಸಿದ್ದು. ದೇವದೂತರ ಮಾತು ಕೇಳಿದ ಕುರುಬರು ಅಷ್ಟಕ್ಕೇ ತೃಪ್ತರಾಗಲಿಲ್ಲ, ನೋಡಲು ಬೆತ್ಲೆಹೇಮಿಗೆ ಓಡಿದರು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚಿಯೋ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಗೋದಲಿ ಮಾಡಿಸಿದ್ದೂ ಜನರು ಕಣ್ಣಾರೆ ಕಾಣಲಿ ಎಂದೇ. ಆದ್ದರಿಂದ ಧರ್ಮಸಭೆಯು ಸಿನಿಮಾವನ್ನು ಶತ್ರುವೆಂದು ದೂರ ತಳ್ಳಲಿಲ್ಲ. 1936ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಚಲನಚಿತ್ರಗಳ ಕುರಿತಾಗಿಯೇ ವಿಶ್ವಪತ್ರವೊಂದನ್ನು ಬರೆದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಮೂಹ ಮಾಧ್ಯಮಗಳ ಬಗ್ಗೆ ಪ್ರತ್ಯೇಕ ದಸ್ತಾವೇಜನ್ನೇ ಹೊರಡಿಸಿತು. ಸಿನಿಮಾ ಹುಟ್ಟಿ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪ್ರಕಟಿಸಿತು.

ನಮ್ಮ ದೇಶದ ಸಿನಿಮಾ ಹುಟ್ಟಿದ ಕಥೆಯನ್ನು ಮಕ್ಕಳು ತಿಳಿದಿರಬೇಕು. 1910-11ರ ಸುಮಾರಿಗೆ ದಾದಾಸಾಹೇಬ್ ಫಾಲ್ಕೆಯವರು ಮುಂಬೈಯ ಚಿತ್ರಮಂದಿರವೊಂದರಲ್ಲಿ ಪ್ರಭು ಕ್ರಿಸ್ತರ ಜೀವನದ ಮೂಕಿಚಿತ್ರವನ್ನು ನೋಡಿದರು. ನಮ್ಮ ನಾಡಿನ ರಾಮ, ಕೃಷ್ಣರನ್ನೂ ಹೀಗೆಯೇ ತೆರೆಯ ಮೇಲೆ ತರಬೇಕೆಂಬ ಆಸೆ ಅಲ್ಲೇ ಚಿಗುರಿತು. ಪತ್ನಿ ಸರಸ್ವತಿಬಾಯಿಯವರು ತಮ್ಮ ಒಡವೆಗಳನ್ನೇ ಕೊಟ್ಟು ನೆರವಾದರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಬೆತ್ಲೆಹೇಮಿನ ಬಾಲಕ ಯಾರ ಮನೆಯ ದೀಪವನ್ನೂ ಆರಿಸಲು ಬಂದವರಲ್ಲ, ಹಚ್ಚಲು ಬಂದವರು.

ಮೊದಲು ಪ್ರಭುವಿನ ಜನನವನ್ನೇ ತೋರಿಸುವ ಚಿತ್ರಗಳು. 1959ರ ‘ಬೆನ್ ಹರ್’ ಎಂದರೆ ಎಲ್ಲರಿಗೂ ರಥಗಳ ಓಟ ನೆನಪಾಗುತ್ತದೆ. ಆದರೆ ಆ ಚಿತ್ರ ಆರಂಭವಾಗುವುದು ಜನಗಣತಿಯಿಂದ, ಗೋದಲಿಯಿಂದ. ಅದರಲ್ಲಿ ಯೇಸುವಿನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ಬಾಯಾರಿ ಬಿದ್ದ ಕೈದಿಯೊಬ್ಬನಿಗೆ ನೀರು ಕುಡಿಸುವ ಅವರ ಕೈ ಕಾಣುತ್ತದೆ. ಕೊನೆಯಲ್ಲಿ ಅದೇ ಕೈದಿ, ಶಿಲುಬೆ ಹೊತ್ತ ಪ್ರಭುವಿಗೆ ನೀರು ಕೊಡಲು ಓಡಿ ಬರುತ್ತಾನೆ. ಪ್ರಭುವಿನ ಮುಖ ನೋಡಬೇಕೆಂದರೆ ಬಾಯಾರಿದವರ ಕಡೆ ನೋಡಿ ಎಂದು ಇದಕ್ಕಿಂತ ಸರಳವಾಗಿ ಹೇಗೆ ಹೇಳುವುದು?

ಇಟಲಿಯ ಪಸೋಲಿನಿ ಮಾರ್ಕ್ಸ್‌ವಾದಿ, ನಾಸ್ತಿಕ ಎನಿಸಿಕೊಂಡವರು. 1962ರಲ್ಲಿ ಅಸ್ಸಿಸಿಗೆ ಹೋಗಿದ್ದಾಗ ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳ ಭೇಟಿಯಿಂದ ಊರೆಲ್ಲ ಜನಜಂಗುಳಿ. ಕೋಣೆಯಲ್ಲೇ ಉಳಿದು ಅಲ್ಲಿದ್ದ ಶುಭಸಂದೇಶವನ್ನು ಓದಿದರು. ಅದರ ಫಲವೇ 1964ರ ‘ಮತ್ತಾಯನ ಶುಭಸಂದೇಶ’ ಚಿತ್ರ. ಆ ಚಿತ್ರವನ್ನು ಅವರು ಅಷ್ಟರಲ್ಲಿ ದಿವಂಗತರಾಗಿದ್ದ ಅದೇ ಜಗದ್ಗುರುಗಳಿಗೆ ಅರ್ಪಿಸಿದರು. ಅದನ್ನು ಚಿತ್ರಿಸಿದ ಇಟಲಿಯ ಮತೇರಾ ಪಟ್ಟಣದಲ್ಲೇ 2006ರ ‘ದಿ ನೇಟಿವಿಟಿ ಸ್ಟೋರಿ’ಯ ಬಹುಭಾಗವೂ ತಯಾರಾಯಿತು. ವ್ಯಾಟಿಕನ್ನಿನಲ್ಲೇ ಮೊದಲ ಪ್ರದರ್ಶನ ಕಂಡ ಚಿತ್ರವಿದು. ಸಂತ ಜೋಸೆಫರ ಸಂಕಟ, ಗರ್ಭಿಣಿ ಮರಿಯಮ್ಮನವರೊಡನೆ ಅವರು ಸವೆಸಿದ ಕಲ್ಲುದಾರಿ, ಇವನ್ನು ಈ ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ತಂದೆಯಾದವರು ಮಕ್ಕಳೊಡನೆ ಕುಳಿತು ನೋಡಬೇಕಾದದ್ದು.

ನಮ್ಮದು ಸೈನಿಕರ ನಾಡು. ಆದ್ದರಿಂದ 2005ರ ಫ್ರೆಂಚ್ ಚಿತ್ರ ‘ಜ್ವಾಯೆ ನೋಯೆಲ್’ ನಮಗೆ ಹತ್ತಿರವಾದದ್ದು. 1914ರ ಮಹಾಯುದ್ಧದ ಮೊದಲ ಕ್ರಿಸ್ಮಸ್ ಅದು. ಅಂದಿನ ಜಗದ್ಗುರು ಹದಿನೈದನೆಯ ಬೆನೆಡಿಕ್ಟ್‌ರವರು ಹಬ್ಬಕ್ಕಾದರೂ ಕದನ ನಿಲ್ಲಿಸಿ ಎಂದು ಬೇಡಿದ್ದರು, ಸರ್ಕಾರಗಳು ಒಪ್ಪಲಿಲ್ಲ. ಆದರೆ ಹಲವು ಕಡೆ ಸಾಮಾನ್ಯ ಸೈನಿಕರೇ ಕಂದಕಗಳಿಂದ ಮೇಲೆದ್ದು ಬಂದು ಶತ್ರುಗಳ ಕೈ ಕುಲುಕಿದರು. ಈ ಘಟನೆಯನ್ನೇ ಚಿತ್ರ ಹೇಳುತ್ತದೆ. ಅಲ್ಲಿ ಎರಡೂ ಪಕ್ಷದವರಿಗಾಗಿ ಪೂಜೆ ಅರ್ಪಿಸಿದ ಗುರುವನ್ನು ಧರ್ಮಾಧ್ಯಕ್ಷರು ಗದರಿಸಿ, ತಾವೇ ನಿಂತು ಕೊಲ್ಲಲು ಪ್ರೇರೇಪಿಸುವ ಪ್ರಬೋಧನೆ ನೀಡುತ್ತಾರೆ. ಪೀಠದ ಬಳಿ ನಿಂತು ಮಾತನಾಡುವ ನಮ್ಮಂಥವರಿಗೆ ಅದು ಎಚ್ಚರಿಕೆಯ ದೃಶ್ಯ. ನಮ್ಮ ಮಣ್ಣಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ಇಲ್ಲಿ ನೆನೆಯೋಣ. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಹಳೆಯ ಪರಿಚಯದ ಅಯೂಬ್ ಖಾನರು ಬಿಡಿಸುವ ಮಾತಾಡಿದರು. ಸೆರೆಯಾದ ಯೋಧರೆಲ್ಲರೂ ತಮಗೆ ಮಕ್ಕಳೇ, ತಮ್ಮವನೊಬ್ಬನಿಗೆ ವಿಶೇಷ ರಿಯಾಯಿತಿ ಬೇಡ ಎಂದವರು ಅವರು. ಲೋಕದ ಮಕ್ಕಳಿಗಾಗಿ ತಮ್ಮ ಏಕೈಕ ಪುತ್ರರನ್ನೇ ಕೊಟ್ಟ ಸ್ವರ್ಗೀಯ ಪಿತನ ಮನಸ್ಸನ್ನು ಅರಿಯಲು ಇಂಥ ತಂದೆಯರು ನಮಗೆ ನೆರವಾಗುತ್ತಾರೆ.

ಮಕ್ಕಳ ಮೆಚ್ಚಿನ ಚಿತ್ರವನ್ನು ಬಿಟ್ಟರೆ ಅವರು ನಮ್ಮನ್ನು ಬಿಡುವುದಿಲ್ಲ. 1990ರ ‘ಹೋಮ್ ಅಲೋನ್’. ಕಳ್ಳರು ಜಾರಿ ಬೀಳುವುದನ್ನು ನೋಡಿ ಎಲ್ಲರೂ ನಗುತ್ತೇವೆ. ಆದರೆ ಅದರಲ್ಲಿ ದೇವಾಲಯದ ದೃಶ್ಯವೊಂದಿದೆ. ಎಲ್ಲರೂ ಹೆದರುವ ನೆರೆಮನೆಯ ಮುದುಕ ಅಲ್ಲಿ ಒಬ್ಬನೇ ಕುಳಿತಿದ್ದಾನೆ. ಮಗನೊಡನೆ ಜಗಳವಾಗಿ ಮಾತು ನಿಂತು ವರ್ಷಗಳೇ ಆಗಿವೆ. ಮೊಮ್ಮಗಳು ಹಾಡುವುದನ್ನು ಕೇಳಲು ಹೀಗೆ ಬಂದು ಕೂರಬೇಕಾಗಿದೆ. ನೀವೇ ಫೋನ್ ಮಾಡಬಾರದೇ ಎಂದು ಎಂಟು ವರ್ಷದ ಹುಡುಗ ಕೇಳುತ್ತಾನೆ. ಅಷ್ಟೇ ಪ್ರಬೋಧನೆ. ಪ್ರಿಯರೇ, ತೋಟದ ಬೇಲಿಗಾಗಿ, ಪಾಲಿನ ಪತ್ರಕ್ಕಾಗಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡದೆ ಇದೇ ದೇವಾಲಯದ ಎರಡು ಬಾಗಿಲುಗಳಿಂದ ಹೊರಗೆ ಹೋಗುವುದು ನಮಗೆ ತಿಳಿಯದ ಸಂಗತಿಯೇ?

ಕೊನೆಯದಾಗಿ, ಆ 45ರ ಪಟ್ಟಿಯಲ್ಲೂ ಇರುವ ಒಂದು ಚಿತ್ರ: ಫ್ರಾಂಕ್ ಕಾಪ್ರಾರವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. 1946ರಲ್ಲಿ ಬಂದಾಗ ಅಷ್ಟೇನೂ ಹಣ ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋದದ್ದರಿಂದ ಟಿ.ವಿ. ಕೇಂದ್ರಗಳು ಪ್ರತಿ ಕ್ರಿಸ್ಮಸ್‌ಗೂ ಅದನ್ನೇ ತೋರಿಸತೊಡಗಿ, ಲೋಕಪ್ರಿಯವಾಯಿತು. ಜಾರ್ಜ್ ಬೇಲಿ ಎಂಬಾತ ಸಣ್ಣ ಊರಿನಲ್ಲಿ ಬಡವರಿಗೆ ಮನೆಸಾಲ ಕೊಡುವ ಸಂಸ್ಥೆ ನಡೆಸುವವನು. ಕ್ರಿಸ್ಮಸ್ ಮುನ್ನಾದಿನ ಸಂಸ್ಥೆಯ 8,000 ಡಾಲರ್ ಕಳೆದುಹೋಗುತ್ತದೆ. ತಾನು ಬದುಕಿರುವುದಕ್ಕಿಂತ ಸತ್ತರೆ ಬರುವ ವಿಮೆಯ ಹಣವೇ ಮೇಲು ಎಂದುಕೊಂಡು ಸೇತುವೆಯ ಮೇಲೆ ನಿಲ್ಲುತ್ತಾನೆ. ಆಗ ಬರುವ ದೇವದೂತ, ಅವನು ಹುಟ್ಟದೇ ಇದ್ದಿದ್ದರೆ ಊರು ಹೇಗಿರುತ್ತಿತ್ತು ಎಂದು ತೋರಿಸುತ್ತಾನೆ. ಅವನು ನೀರಿನಿಂದ ಎತ್ತಿದ ತಮ್ಮನಿಲ್ಲ, ಅವನು ನೆರವಾದ ಮನೆಗಳಿಲ್ಲ. ಕೊನೆಗೆ ಊರವರೆಲ್ಲ ಬಂದು ಕೈಲಾದಷ್ಟು ಹಣ ಸುರಿಯುತ್ತಾರೆ. ಗಮನಿಸಿ, ಹಣ ಎತ್ತಿಟ್ಟುಕೊಂಡ ಸಿರಿವಂತನಿಗೆ ಚಿತ್ರದಲ್ಲಿ ಶಿಕ್ಷೆಯಾಗುವುದೇ ಇಲ್ಲ. ಲೋಕದ ಅನ್ಯಾಯವೆಲ್ಲ ಒಂದೇ ರಾತ್ರಿಗೆ ಸರಿಹೋಗದು. ಆದರೆ ಒಬ್ಬ ಮನುಷ್ಯ ಉಳಿದ, ಏಕೆಂದರೆ ನೆರೆಯವರು ಬಂದರು.

ಸಾಲ ಎಂದರೇನು ಎಂದು ಕೊಡಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದ್ದನ್ನು ಕಂಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದು, ತಲೆಮಾರುಗಳ ತೋಟ, ಮನೆ ಕೆಸರಾದದ್ದನ್ನು ಕಂಡಿದ್ದೇವೆ. ಆಗ ಜಾತಿ, ಮತ ಕೇಳದೆ ಬಾಗಿಲು ತೆರೆದವರೂ, ಗಂಜಿ ಬೇಯಿಸಿದವರೂ ಇದೇ ಜನ. ಇಂದು ಈ ಬೆಂಚುಗಳಲ್ಲಿ ನಗುಮುಖ ಹೊತ್ತು, ಒಳಗೆ ಆ ಸೇತುವೆಯ ಮೇಲೆ ನಿಂತಿರುವವರು ಇದ್ದರೆ ಅವರಿಗೆ ಹೇಳುತ್ತೇವೆ: ನಿಮ್ಮ ಸಾಲಕ್ಕಿಂತ ನೀವು ದೊಡ್ಡವರು. ನೀವಿಲ್ಲದ ಮನೆ ಸಾಲ ತೀರಿದ ಮನೆಯಲ್ಲ, ಕತ್ತಲೆಯ ಮನೆ. ಗುರುಮನೆಯ ಕರೆಗಂಟೆ ಒತ್ತಿ, ನಡುರಾತ್ರಿಯಾದರೂ ಸರಿ. ಇಲ್ಲವೇ ನಂಬಿಕೆಯ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ.

ಆದ್ದರಿಂದ ಪ್ರಿಯರೇ, ಈ ಹಬ್ಬಕ್ಕೆ ಮೂರು ಸಣ್ಣ ಕೆಲಸ ಮಾಡೋಣ. ಒಂದು, ಒಬ್ಬೊಬ್ಬರು ಒಂದೊಂದು ಮೊಬೈಲ್ ಹಿಡಿದು ಮೂಲೆ ಸೇರದೆ, ಎಲ್ಲರೂ ಒಂದೇ ತೆರೆಯ ಮುಂದೆ ಕೂರೋಣ. ಅಜ್ಜ ಅಜ್ಜಿಗೆ ಮುಂದಿನ ಕುರ್ಚಿ ಕೊಟ್ಟು, ಭಾಷೆ ತಿಳಿಯದ ಕಡೆ ಮೊಮ್ಮಕ್ಕಳು ಬಿಡಿಸಿ ಹೇಳಲಿ. ಎರಡು, ಒಬ್ಬಂಟಿಯಾಗಿರುವ ನೆರೆಯವರೊಬ್ಬರನ್ನು ಕರೆಯೋಣ. ಮೂರು, ಚಿತ್ರ ಮುಗಿದ ಮೇಲೆ ಮಾತುಬಿಟ್ಟ ಒಬ್ಬರಿಗೆ ಫೋನ್ ಮಾಡೋಣ.

ತೆರೆಯ ಮೇಲಿನ ಬೆಳಕು ಚಿತ್ರ ಮುಗಿದೊಡನೆ ಆರುತ್ತದೆ. ನಮ್ಮ ದೇವರು ಬಿಳಿಪರದೆಯ ಮೇಲಿನ ನೆರಳಾಗಿ ಬರಲಿಲ್ಲ. ಚಳಿಗೆ ನಡುಗುವ, ಹಸಿದು ಅಳುವ, ಕೈಚಾಚಿದರೆ ಮುಟ್ಟಬಹುದಾದ ಕೂಸಾಗಿ ಬಂದರು. ಆ ಕೂಸನ್ನು ಎತ್ತಿಕೊಳ್ಳುವ ಕೈಗಳು ನಮ್ಮದಾಗಲಿ. ಬಾಲಯೇಸು ನಿಮ್ಮ ಮನೆಮನೆಗಳನ್ನು ಆಶೀರ್ವದಿಸಲಿ. ಆಮೆನ್.