ಪಂಚಾಂಗದ ದಿನಗಣನೆಯೂ ಶುಭಕಾಲದ ವಿಚಾರವೂ
(ದಾಸನಕೊಪ್ಪದಲ್ಲಿ ನಡೆದ ಉಪನ್ಯಾಸ)



ತಿಥಿ, ವಾರ, ನಕ್ಷತ್ರ, ಯೋಗ, ಕರಣವೆಂಬ ಐದು ಅಂಗಗಳುಳ್ಳದ್ದೇ ಪಂಚಾಂಗವು. ಚಂದ್ರನು ಸೂರ್ಯನನ್ನು ಬಿಟ್ಟು 12 ಅಂಶಗಳಷ್ಟು ಮುಂದೆ ಸರಿಯುವ ಕಾಲವು ಒಂದು ತಿಥಿ. ಅದರ ಅರ್ಧವೇ ಕರಣ. ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಒಂದು ವಾರ. ಆಕಾಶಚಕ್ರದ 27 ಭಾಗಗಳಲ್ಲಿ ಚಂದ್ರನು ಯಾವುದರಲ್ಲಿರುವನೋ ಅದೇ ದಿನದ ನಕ್ಷತ್ರ. ಸೂರ್ಯಚಂದ್ರರ ಸ್ಫುಟಗಳನ್ನು ಕೂಡಿಸಿದಲ್ಲಿ ಯೋಗವು ದೊರೆಯುವುದು. ಅಹೋರಾತ್ರಿಗೆ 60 ಘಳಿಗೆಗಳು. ಎರಡು ಘಳಿಗೆ, ಎಂದರೆ 48 ನಿಮಿಷ, ಒಂದು ಮುಹೂರ್ತ.

ಮೃಗಶಿರ, ಆರಿದ್ರೆಯೆಂದು ಮಳೆಗಳನ್ನೆಣಿಸುವ ಈ ಸೀಮೆಯ ಆರಂಬಗಾರನು ಹಿಡಿದಿರುವುದು ಚಂದ್ರನ ನಕ್ಷತ್ರವನ್ನಲ್ಲ, ಸೂರ್ಯನ ನಕ್ಷತ್ರವನ್ನು. ಸೂರ್ಯನು ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನವಿರುವನು. ಬಿತ್ತುವ ಕಾಲವನ್ನು ತಿಳಿಸುವ ಈ ಲೆಕ್ಕವೂ ಪಂಚಾಂಗದ್ದೇ.

ಚಂದ್ರನ ಗತಿಯು ಒಂದೇ ಸಮನಾಗಿಲ್ಲದ ಕಾರಣ ತಿಥಿಯು ಒಮ್ಮೆ ಹಿಗ್ಗುವುದು, ಒಮ್ಮೆ ಕುಗ್ಗುವುದು. ಹೀಗಿರಲು ಹಬ್ಬವು ಯಾವ ದಿನವೆಂಬ ಸಂದೇಹವು ಸಹಜವಾದುದು. ಸಾಮಾನ್ಯವಾಗಿ ಸೂರ್ಯೋದಯದಲ್ಲಿರುವ ತಿಥಿಯೇ ಆ ದಿನದ ತಿಥಿ. ಶಿವರಾತ್ರಿಗಾದರೋ ನಡುರಾತ್ರಿಯಲ್ಲಿರುವ ಚತುರ್ದಶಿಯೇ ಪ್ರಮಾಣ. ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು ನಡೆಯತಕ್ಕದ್ದು. ಇದೇ ಶಿರಸಿ ತಾಲೂಕಿನ ಬನವಾಸಿಯಲ್ಲಿ 1886ರಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಈ ಜಯಂತಿಯ ಸಾರ್ವಜನಿಕ ಆಚರಣೆಗೆ ಮೊದಲು ಮಾಡಿದರು. 2023ರಲ್ಲಿ ಆ ತದಿಗೆಯು ಏಪ್ರಿಲ್ 22ರಂದು ಸೂರ್ಯನು ಮೂಡಿದ ತರುವಾಯ ತೊಡಗಿ, 23ರ ಸೂರ್ಯೋದಯವನ್ನು ದಾಟಿ ಮುಗಿಯಿತು. ಆದಕಾರಣ ಉದಯತಿಥಿಯು 23ರಂದೇ ಆಯಿತು. 2024ರಲ್ಲಿ ಅದು ಮೇ 10ಕ್ಕೆ ಬಂದಿತು. 2025ರಲ್ಲಿ ಏಪ್ರಿಲ್ 30ಕ್ಕೆ ಹಿಂದೆ ಸರಿಯಿತು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಸಂಕ್ರಮಣವಿಲ್ಲದ ತಿಂಗಳನ್ನು ಅಧಿಕಮಾಸವೆಂದೆಣಿಸಿ ಈ ಕೊರತೆಯನ್ನು ತುಂಬುವರು. 2023ರ ಅಧಿಕ ಶ್ರಾವಣದಿಂದಲೇ ಮರುವರ್ಷದ ಜಯಂತಿಯು ಮುಂದೆ ಹೋಯಿತು.

ಇಷ್ಟು ಗಣಿತದ ಮಾತಾಯಿತು. ಇದರಲ್ಲಿ ಭಯಕ್ಕೆ ಎಡೆಯಿಲ್ಲ. ಹಗಲನ್ನು ಎಂಟು ಪಾಲು ಮಾಡಿ, ವಾರಕ್ಕೊಂದರಂತೆ ಒಂದು ಪಾಲನ್ನು ರಾಹುಕಾಲವೆನ್ನುವರು. ಸೋಮವಾರ ಎರಡನೆಯದು, ಭಾನುವಾರ ಎಂಟನೆಯದು. ಈ ಪಾಲುಗಳಲ್ಲಿ ಸೂರ್ಯನ ಬೆಳಕೇನು ಕುಂದುವುದೇ? ಅಮಾವಾಸ್ಯೆಯೆಂದು ರೋಗಿಯನ್ನು ವೈದ್ಯನಲ್ಲಿಗೆ ಒಯ್ಯದೆ ಮನೆಯಲ್ಲಿಯೇ ಮಲಗಿಸಿದಲ್ಲಿ ಆ ದೋಷವು ಚಂದ್ರನದಲ್ಲ, ಮನೆಯವರದು. ಮುಹೂರ್ತ ಕೂಡಲಿಲ್ಲವೆಂದು ಬಡವನು ಮಗಳ ಮದುವೆಯನ್ನು ಮುಂದಕ್ಕೆ ಹಾಕಿ ಸಾಲವನ್ನು ಬೆಳೆಸಿಕೊಂಡರೆ ಆ ಸಾಲವನ್ನು ಯಾವ ಗ್ರಹವೂ ತೀರಿಸದು. ಶಿವಶರಣರು ಕಾಲದಲ್ಲಿ ಮೇಲುಕೀಳನ್ನು ಒಪ್ಪಲಿಲ್ಲ. ಸತ್ಕಾರ್ಯಕ್ಕೆ ನಾಳೆಗಿಂತ ಇಂದೇ ಲೇಸೆಂಬುದು ಬಸವಣ್ಣನವರ ನಿಲುವು.

ಹಾಗೆಂದು ಪಂಚಾಂಗವನ್ನು ತೊರೆಯಬೇಕಾಗಿಲ್ಲ. ನೂರಾರು ಊರುಗಳ ಜನರು ಒಂದೇ ದಿನ ನೆರೆದು ಜಾತ್ರೆ ಜಯಂತಿಗಳನ್ನು ನಡೆಸುವುದು ಅದರ ಉಪಕಾರದಿಂದಲೇ. ಅದು ಕೂಡುವ ದಿನವನ್ನು ತಿಳಿಸಲಿ. ಮಾಡತಕ್ಕ ಕಾರ್ಯವನ್ನು ತಡೆಯದಿರಲಿ. ಸರ್ವರಿಗೂ ಸನ್ಮಂಗಳವಾಗಲಿ.