ಮಗುವಿನ ಆರೈಕೆ: ಮನೆಯವರಿಗೂ ಕಲಿಸಲಿ



ಕೆಲವು ವರ್ಷಗಳ ಹಿಂದೆ ನೆರೆಮನೆಯ ತಾಯಿಯೊಬ್ಬರು ಆಸ್ಪತ್ರೆಯ ಚೀಟಿ ಹಿಡಿದು ನನ್ನ ಬಳಿ ಬಂದರು. ಅವಧಿಗೆ ಮುನ್ನ ಹುಟ್ಟಿದ ಅವರ ಮಗುವನ್ನು 18 ದಿನ ಒಳಗಿರಿಸಿಕೊಂಡು ಅಂದು ಮನೆಗೆ ಕಳುಹಿಸಿದ್ದರು. ಅಷ್ಟು ದಿನವೂ ಅವರು ಹಾಲು ಹಿಂಡಿ ಕೊಟ್ಟು ಬಾಗಿಲಾಚೆಯ ಬೆಂಚಿನಲ್ಲೇ ಕುಳಿತಿದ್ದರು. "ಆಪಾ, ಇದನ್ನು ಉರ್ದುವಿನಲ್ಲಿ ಹೇಳಿ. ನನಗೆ ಮಗುವನ್ನು ಎತ್ತಿಕೊಳ್ಳಲೂ ಭಯ" ಎಂದರು. ಚೀಟಿ ಓದಿ ಹೇಳಿದೆ. ಎತ್ತಿಕೊಳ್ಳುವುದನ್ನು ಕಲಿಸಲು ನನಗೂ ಬರುತ್ತಿರಲಿಲ್ಲ.

ಆರೈಕೆ ಆಸ್ಪತ್ರೆಯ ಕೆಲಸ, ಹೊರಗೆ ಕಾಯುವುದಷ್ಟೇ ಮನೆಯವರ ಕೆಲಸ ಎಂದು ನಾವು ತಿಳಿದಿದ್ದೇವೆ. ಇದು ಸರಿಯಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ, ಡಾ. ಎಡ್ಗರ್ ರೇ ಸನಾಬ್ರಿಯಾ ಅವರು ಕಡಿಮೆ ತೂಕದ ಶಿಶುಗಳನ್ನು ತಾಯಿಯ ಎದೆಗೆ ಮೈತಾಗುವಂತೆ ಇರಿಸುವ ಕ್ರಮ ಆರಂಭಿಸಿದರು. ಇದೇ ಕಾಂಗರೂ ಆರೈಕೆ. ಇದರಿಂದ ಮಗುವಿನ ಮೈ ಬೆಚ್ಚಗಿರುತ್ತದೆ, ಸೋಂಕು ಕಡಿಮೆಯಾಗುತ್ತದೆ, ಎದೆಹಾಲುಣಿಸಲು ಅನುಕೂಲವಾಗುತ್ತದೆ. ತಾಯಿ ದಣಿದಾಗ ತಂದೆಯೋ ಅಜ್ಜಿಯೋ ಹೀಗೆ ಇಟ್ಟುಕೊಳ್ಳಬಹುದು. ಇಂತಹ ಶಿಶುಗಳ ಆರೈಕೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳಬೇಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ.

ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಕೈ ತೊಳೆಯುವುದು, ಹಾಲುಣಿಸುವುದು, ಮಗುವನ್ನು ಶುಚಿಯಾಗಿಡುವುದು, ಅಪಾಯದ ಲಕ್ಷಣ ಗುರುತಿಸುವುದು ಇವನ್ನು ತಂದೆತಾಯಿಗೆ ನರ್ಸ್‌ಗಳು ಕಲಿಸಬೇಕು. ಸೂಜಿ, ಡ್ರಿಪ್, ಯಂತ್ರಗಳು ಮಾತ್ರ ಅವರ ಹೊಣೆಯಾಗಿಯೇ ಉಳಿಯುತ್ತವೆ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ಉಸಿರು ವೇಗವಾದರೆ, ಮಂಕಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಇದನ್ನು ಮೊದಲು ಕಾಣುವವರು ಮನೆಯವರೇ ಅಲ್ಲವೇ?

ಮರುದಿನ ಆ ದಂಪತಿಗಳ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಸಿಸ್ಟರ್ ಕನ್ನಡದಲ್ಲಿ ಹೇಳಿದ್ದನ್ನು ನಾನು ಉರ್ದುವಿನಲ್ಲಿ ಹೇಳಿದೆ. ತಾಯಿ ಮಗುವನ್ನು ಎದೆಗಿಟ್ಟುಕೊಂಡರು, ಬಳಿಕ ತಂದೆ. ಅರ್ಧ ಗಂಟೆಯಲ್ಲಿ ಮುಗಿದ ಆ ಪಾಠ 18 ದಿನ ಮೊದಲೇ ಸಿಗಬಹುದಿತ್ತು.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ: ಮಗು ಆಸ್ಪತ್ರೆಯಲ್ಲಿದ್ದರೆ "ನಾವು ಏನು ಮಾಡಬಹುದು, ತೋರಿಸಿಕೊಡಿ" ಎಂದು ಕೇಳಿರಿ. ತೋರಿಸಿದ್ದನ್ನು ಅವರೆದುರೇ ಒಮ್ಮೆ ಮಾಡಿರಿ. ತಂದೆಯಂದಿರೇ, ಇದು ಹೆಂಗಸರ ಕೆಲಸವೆಂದು ಹಿಂದೆ ಸರಿಯಬೇಡಿ. ವಿದ್ಯಾರ್ಥಿಗಳೇ, ನಿಮಗೆ ಎರಡು ಭಾಷೆ ಬರುತ್ತದೆ. ಬೀದಿಯ ಯಾವ ತಾಯಿಯೂ ಓದಲಾಗದ ಚೀಟಿ ಹಿಡಿದು ಒಬ್ಬಳೇ ನಿಲ್ಲದಿರಲಿ. ನಾವು ಕಲಿತ ವಿದ್ಯೆಗೆ ಇದಕ್ಕಿಂತ ಹತ್ತಿರದ ಉಪಯೋಗ ನನಗೆ ಕಾಣದು.